ಹುಬ್ಬಳ್ಳಿಯಲ್ಲಿ ಸೀ ಹ್ಯಾರಿಯರ್: ಕಿಟ್‌ನಲ್ಲಿ ಇಲ್ಲದ ಭಾಗಗಳನ್ನು ಮಾಡಿಕೊಂಡ ಬಗೆ

ಸೀ ಹ್ಯಾರಿಯರ್ ಅಂದರೆ ಹಡಗಿನ ಡೆಕ್ ಮೇಲಿನಿಂದ ಹಾರುತ್ತಿದ್ದ, ನಿಂತಲ್ಲೇ ತೇಲಬಲ್ಲ ಯುದ್ಧವಿಮಾನ. ಅದರ ಪ್ಲಾಸ್ಟಿಕ್ ಮಾದರಿಯ ಕಿಟ್ ಸಿಗುತ್ತದೆ. ನಮ್ಮ ನೌಕಾಪಡೆಯ ಸೀ ಹ್ಯಾರಿಯರ್ ಸಿಗುವುದಿಲ್ಲ. ಡಬ್ಬಿ ತೆಗೆದರೆ ಒಳಗಿರುವುದು ಬ್ರಿಟಿಷರ ನೌಕಾಪಡೆಯ ಬಗೆ, ಎಫ್‌ಆರ್‌ಎಸ್.1. ಗೋವಾದ ದಾಬೋಲಿಮ್‌ನಲ್ಲಿ ನೌಕಾಪಡೆಯ ವಿಮಾನ ನೆಲೆ ಐಎನ್ಎಸ್ ಹಂಸದಿಂದ ಹಾರುತ್ತಿದ್ದದ್ದು ನಮ್ಮ ಬಗೆ, ಎಫ್‌ಆರ್‌ಎಸ್.51. ದೂರದಿಂದ ನೋಡಿದರೆ ಎರಡೂ ಒಂದೇ. ಹತ್ತಿರ ಹೋದರೆ ಕ್ಷಿಪಣಿ ಬೇರೆ, ಗುರುತು ಬೇರೆ, ಒಳಗಿನ ಆಮ್ಲಜನಕದ ವ್ಯವಸ್ಥೆಯೂ ಬೇರೆ.

ನನ್ನ ಹತ್ತಿರ ಇದ್ದದ್ದು 1:48 ಅಳತೆಯ ಹಳೇ ಕಿಟ್. ನಿಜವಾದ ವಿಮಾನದ ಉದ್ದ 14.5 ಮೀಟರ್, ರೆಕ್ಕೆಯ ಅಗಲ 7.7 ಮೀಟರ್. ಈ ಅಳತೆಯಲ್ಲಿ ಉದ್ದ 302 ಮಿಲಿಮೀಟರ್, ಅಗಲ 160. ದೇಹದ ಆಕಾರ ಚೆನ್ನಾಗಿದೆ. ಕಡಿಮೆ ಬಿದ್ದಿರುವುದು ಸಣ್ಣ ಭಾಗಗಳಲ್ಲಿ. ನಾಝಲ್‌ಗಳಿಗೆ (ಎಂಜಿನ್ನಿನ ಗಾಳಿ ಹೊರಗೆ ಬರುವ ಬಾಯಿಗಳಿಗೆ) ಆಳವೇ ಇಲ್ಲ. ಗಾಳಿ ಒಳಗೆ ಬಿಡುವ ಬಾಗಿಲುಗಳು ಬರೀ ಗೆರೆ. ಸೀಟು ಒಂದು ಪ್ಲಾಸ್ಟಿಕ್ ತುಂಡು. ರೆಕ್ಕೆ ಕೆಳಗೆ ಕೊಟ್ಟಿರುವುದು ಅಮೆರಿಕದ ಸೈಡ್‌ವೈಂಡರ್. ನಮ್ಮವರು ಹಾಕುತ್ತಿದ್ದದ್ದು ಫ್ರಾನ್ಸಿನ ಮಾತ್ರಾ ಮ್ಯಾಜಿಕ್.

ಹೊರದೇಶದಿಂದ ರೆಸಿನ್ ಬಿಡಿಭಾಗ ತರಿಸಬಹುದು. ಆದರೆ ಅಂಚೆ ಖರ್ಚು, ಸುಂಕ ಎಲ್ಲ ಸೇರಿದರೆ ಕಿಟ್‌ಗಿಂತ ಜಾಸ್ತಿ ಆಗುತ್ತದೆ. ಹುಬ್ಬಳ್ಳಿಯಲ್ಲಿ ಹಲ್ಲಿನ ಸೆಟ್ ಮಾಡುವವರಿದ್ದಾರೆ, ಅಕ್ಕಸಾಲಿಗರಿದ್ದಾರೆ, ವೆಲ್ಡಿಂಗ್ ಸಾಮಾನಿನ ಅಂಗಡಿಗಳಿವೆ, ರೇಡಿಯಂ ಸ್ಟಿಕರ್ ಕತ್ತರಿಸುವ ಮೆಷಿನ್ ಓಣಿಗೊಂದಿದೆ. ಒಂದು ಅಡಿ ಉದ್ದದ ವಿಮಾನಕ್ಕೆ ಬೇಕಾದದ್ದೆಲ್ಲ ಈ ಊರಲ್ಲೇ ಇದೆ ಅನ್ನುವುದು ನನ್ನ ನಂಬಿಕೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಸಹಾಯವೂ ಇತ್ತು. ಕೇಶ್ವಾಪುರದಲ್ಲಿ ನಮ್ಮ ಮನೆ ಹತ್ತಿರ ನೌಕಾಪಡೆಯಿಂದ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಐಎನ್ಎಎಸ್ 300 ಸ್ಕ್ವಾಡ್ರನ್‌ನಲ್ಲಿ ಏರ್‌ಫ್ರೇಮ್ (ವಿಮಾನದ ದೇಹದ) ಕೆಲಸ ಮಾಡಿದವರು. ಸೀ ಹ್ಯಾರಿಯರ್ ಹಾರಿಸುತ್ತಿದ್ದ, ಬಿಳಿ ಹುಲಿಯ ಗುರುತಿನ ಸ್ಕ್ವಾಡ್ರನ್ ಅದು. ಕಿಟ್‌ನ ನಕಾಶೆ ಹಿಡಿದು ಅವರ ಮನೆಗೆ ಹೋದರೆ ನಕಾಶೆ ಪಕ್ಕಕ್ಕಿಟ್ಟು ಮೊದಲು ಚಹಾ ತರಿಸುತ್ತಿದ್ದರು. ಆಮೇಲೆ ಒಂದೊಂದೇ ಭಾಗ ಕೈಗೆತ್ತಿಕೊಂಡು, ಇದು ಏನು ಕೆಲಸ ಮಾಡುತ್ತದೆ ಅಂತ ನನ್ನನ್ನೇ ಕೇಳುತ್ತಿದ್ದರು. ಉತ್ತರ ಬಂದ ಮೇಲೆಯೇ ಬ್ಲೇಡ್ ಮುಟ್ಟಬೇಕು. ಈ ಕೆಲಸವೆಲ್ಲ ಅದೇ ಕ್ರಮದಲ್ಲಿ ನಡೆದಿದೆ.

ರೆಕ್ಕೆಯ ಸಂದಿ

ಕಿಟ್ ಜೋಡಿಸುವವರು ಸಂದಿ ಕಂಡರೆ ಪುಟ್ಟಿ ಹಚ್ಚಿ ಉಜ್ಜುತ್ತೇವೆ. ರೆಕ್ಕೆ ದೇಹಕ್ಕೆ ಕೂಡುವ ಜಾಗಕ್ಕೆ ನಾನು ಪುಟ್ಟಿ ಕಲಸುವಾಗ ಕಾಕಾ ತಡೆದರು. "ತಮ್ಮಾ, ಆ ಸಂದಿ ಮುಚ್ಚಬ್ಯಾಡ. ಎಂಜಿನ್ ತಗೀಬೇಕಂದ್ರ ರೆಕ್ಕಿ ಪೂರಾ ಎತ್ತಬೇಕಾಗತಿತ್ತು. ಅಲ್ಲಿ ಖರೇನ ಜಾಯಿಂಟ್ ಐತಿ."

ಹ್ಯಾರಿಯರ್‌ನ ರೆಕ್ಕೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ತುಂಡು. ಪೆಗಾಸಸ್ ಎಂಜಿನ್ ಅದರ ಕೆಳಗೆ ಕೂತಿದೆ. ಎಂಜಿನ್ ಬದಲಿಸಲು ಕ್ರೇನ್ ಹಾಕಿ ರೆಕ್ಕೆಯನ್ನು ಮೇಲಕ್ಕೆ ಎತ್ತಿ, ಆಮೇಲೆ ಎಂಜಿನ್ನನ್ನು ಮೇಲಿನಿಂದಲೇ ಹೊರಗೆ ತೆಗೆಯಬೇಕು. ಹಾಗಾಗಿ ರೆಕ್ಕೆ ಸುತ್ತಲಿನ ಗೆರೆ ತೆಳುವಾಗಿ, ಚೂಪಾಗಿ ಉಳಿಯಬೇಕು. ನಾನು ಮಾಡಿದ್ದು ಇಷ್ಟೇ. ಅಗಲವಾಗಿದ್ದ ಕಡೆ ತೆಳ್ಳನೆ ಪ್ಲಾಸ್ಟಿಕ್ ಎಳೆ ಇಟ್ಟು ಅಂಟಿಸಿದೆ. ಒಣಗಿದ ಮೇಲೆ ಹೊಲಿಗೆ ಸೂಜಿಯನ್ನು ಪಿನ್ ವೈಸ್‌ಗೆ (ಸೂಜಿ ಕಚ್ಚಿ ಹಿಡಿಯುವ ಸಣ್ಣ ಕೈಹಿಡಿ) ಹಾಕಿ ಗೆರೆಯನ್ನು ಮತ್ತೆ ಎಳೆದೆ.

ಗಾಳಿಯ ಬಾಗಿಲುಗಳು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದು. ನನಗೆ ಜಾಸ್ತಿ ಖುಷಿ ಕೊಟ್ಟದ್ದೂ ಇದೇ.

ಹ್ಯಾರಿಯರ್‌ನ ಎರಡು ಪಕ್ಕಗಳಲ್ಲೂ ದೊಡ್ಡ ಗಾಳಿ ಬಾಯಿ ಇದೆ. ವಿಮಾನ ಜೋರಾಗಿ ಹಾರುವಾಗ ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ. ಆದರೆ ಇದು ನಿಂತ ಜಾಗದಲ್ಲೇ ಗಾಳಿಯಲ್ಲಿ ತೇಲುವ ವಿಮಾನ. ಮುಂದಕ್ಕೆ ವೇಗವಿಲ್ಲ, ಎಂಜಿನ್ ಮಾತ್ರ ಪೂರ್ತಿ ಜೋರಿನಲ್ಲಿ ಓಡುತ್ತಿದೆ. ಆಗ ಆ ಬಾಯಿಯೊಂದೇ ಸಾಲುವುದಿಲ್ಲ. ಬಾಯಿಯನ್ನು ದೊಡ್ಡದು ಮಾಡಿದರೆ ವೇಗದಲ್ಲಿ ಹೋಗುವಾಗ ತೊಂದರೆ. ಅದಕ್ಕೆ ಬಾಯಿಯ ಸುತ್ತ, ಸ್ವಲ್ಪ ಹಿಂದೆ, ಪಕ್ಕಕ್ಕೆ ಎಂಟರಂತೆ ಸಣ್ಣ ಬಾಗಿಲುಗಳನ್ನು ಇಟ್ಟರು. ಅವಕ್ಕೆ ಮೋಟಾರಿಲ್ಲ, ಸ್ವಿಚ್ಚಿಲ್ಲ. ಒಳಗೆ ಗಾಳಿಯ ಒತ್ತಡ ಕಡಿಮೆಯಾದರೆ ಹೊರಗಿನ ಗಾಳಿ ಅವನ್ನು ಒಳಕ್ಕೆ ತಳ್ಳಿ ತೆರೆಯುತ್ತದೆ. ವೇಗ ಬಂದು ಒಳಗಿನ ಒತ್ತಡ ಏರಿದರೆ ತಾವೇ ಮುಚ್ಚಿಕೊಳ್ಳುತ್ತವೆ.

ಎಂಜಿನ್ ಬಂದ್ ಆಗಿ ನಿಂತ ವಿಮಾನದಲ್ಲಿ ಹೇಗಿರುತ್ತವೆ? ಬಾಗಿಲು ತೆರೆಯುವುದು ಒಳಕ್ಕೆ. ಮೇಲ್ಭಾಗದ ಬಾಗಿಲುಗಳಿಗೆ ಒಳಗೆ ಅಂದರೆ ಕೆಳಗೆ. ಸ್ವಂತ ಭಾರಕ್ಕೆ ಜೋತು ಬೀಳುತ್ತವೆ. ಕೆಳಭಾಗದವುಗಳಿಗೆ ಒಳಗೆ ಅಂದರೆ ಮೇಲೆ. ಎತ್ತುವವರಿಲ್ಲದೆ ಮುಚ್ಚಿಯೇ ಇರುತ್ತವೆ. ನಡುವಿನವು ಅರೆಬರೆ. ಕಾಕಾ ಹೇಳಿದ್ದೂ ಅದೇ: "ಮ್ಯಾಲಿನವು ಜೋತ ಬಿದ್ದಿರತಾವ, ಕೆಳಗಿನವು ಮುಚ್ಚಿರತಾವ. ಎಲ್ಲಾ ಒಂದ ಸಮ ತಗದ ಇಟ್ರ, ಎಂಜಿನ್ ಓಡಾಕತ್ತೈತಿ ಅಂತ ಅರ್ಥ." ಡೆಕ್ ಮೇಲೆ ನಿಲ್ಲಿಸುವ ಮಾದರಿಗೆ ಇದು ಬಹಳ ಮುಖ್ಯ. ಕಿಟ್‌ನಲ್ಲಿ ಎಲ್ಲವೂ ಮುಚ್ಚಿದ ಗೆರೆಗಳು. ಅಂದರೆ ವೇಗವಾಗಿ ಹಾರುತ್ತಿರುವ ವಿಮಾನಕ್ಕೆ ಚಕ್ರ ಇಳಿಸಿ ನಿಲ್ಲಿಸಿದ ಲೆಕ್ಕ.

ಕೆಲಸ ಮಾಡಿದ್ದು ಹೀಗೆ. ಮೊದಲು ಗಾಳಿ ಬಾಯಿಯ ಭಾಗವನ್ನು ದೇಹಕ್ಕೆ ಅಂಟಿಸದೆ ಬೇರೆ ಇಟ್ಟುಕೊಂಡೆ. ಒಳಗಿನಿಂದ ಬರ್ (ಹಲ್ಲು ಕೊರೆಯುವ ಸಣ್ಣ ಮೊನೆ) ಹಾಕಿ ಪ್ಲಾಸ್ಟಿಕ್ ಗೋಡೆಯನ್ನು ತೆಳ್ಳಗೆ ಮಾಡಿದೆ. ಬೆಳಕಿಗೆ ಹಿಡಿದರೆ ಬಾಗಿಲಿನ ಗೆರೆ ಕಾಣುವಷ್ಟು ತೆಳ್ಳಗೆ. ಆಮೇಲೆ ಪ್ರತಿ ಬಾಗಿಲಿನ ಮೂಲೆಗಳಲ್ಲಿ ಸೂಜಿ ತೂತು ಹಾಕಿ, ತೂತಿನಿಂದ ತೂತಿಗೆ ಬ್ಲೇಡಿನಲ್ಲಿ ಮೆಲ್ಲಗೆ ಗೀರುತ್ತಾ ಹೋದೆ. ಒತ್ತಿ ಕತ್ತರಿಸಿದರೆ ಬಾಗಿಲುಗಳ ನಡುವಿನ ಸಣ್ಣ ಕಂಬಿ ಮುರಿಯುತ್ತದೆ. ಅದು ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಗೀರಿ ಗೀರಿ ತೆಗೆದರೆ ಉಳಿಯುತ್ತದೆ. ಅಂಚು ಸರಿ ಮಾಡಲು ಅಕ್ಕಸಾಲಿಗರ ಸೂಜಿ ಅರ ಬೇಕೇ ಬೇಕು. ದುರ್ಗದಬೈಲಿನ ಸುತ್ತಮುತ್ತ ಅಕ್ಕಸಾಲಿಗರಿಗೆ ಸಾಮಾನು ಮಾರುವ ಕಡೆ ಒಳ್ಳೆಯ ಸೆಟ್ ಸಿಗುತ್ತದೆ. ಚೌಕದ್ದು, ಮೂರು ಮೂಲೆಯದ್ದು ಎರಡೂ ಇಟ್ಟುಕೊಳ್ಳಿ.

ಹೊಸ ಬಾಗಿಲುಗಳಿಗೆ ತೆಳ್ಳನೆ ಹಾಳೆ ಬೇಕು. ಐಸ್‌ಕ್ರೀಂ ಕಪ್ಪಿನ ತಳದಲ್ಲಿ ತ್ರಿಕೋನದೊಳಗೆ 6 ಅಂತ ಇದ್ದರೆ ಅದು ಪಾಲಿಸ್ಟೈರೀನ್. ಕಿಟ್‌ನ ಪ್ಲಾಸ್ಟಿಕ್ಕೂ ಅದೇ. ಒಂದೇ ಅಂಟು ಎರಡಕ್ಕೂ ಹಿಡಿಯುತ್ತದೆ. 5 ಅಂತ ಇರುವ ಕಪ್ ತರಬೇಡಿ, ಅದು ಪಾಲಿಪ್ರೊಪಿಲೀನ್, ಅಂಟೂ ಹಿಡಿಯದು, ಬಣ್ಣವೂ ನಿಲ್ಲದು. ಕಪ್ಪಿನ ಪಕ್ಕದಲ್ಲಿ ಮೊದಲೇ ಒಂದು ಬಾಗು ಇರುತ್ತದೆ. ಗಾಳಿ ಬಾಯಿಯ ಬಾಗಿಗೆ ಹೊಂದುವ ಕಡೆ ಆರಿಸಿ ಕತ್ತರಿಸಿದರೆ ಬಾಗಿಸುವ ಕೆಲಸ ಉಳಿಯುತ್ತದೆ.

ಪ್ರತಿ ಪಕ್ಕದಲ್ಲೂ ಎಲ್ಲಕ್ಕಿಂತ ಕೆಳಗಿನ ಬಾಗಿಲಿನಿಂದ ಶುರು ಮಾಡಿದೆ. ಅದು ದೇಹಕ್ಕೆ ಸಮ. ಅದರ ಮೇಲಿನದು ಕೂದಲೆಳೆ ಒಳಗೆ. ಹೀಗೆ ಏರುತ್ತಾ ಹೋಗಿ ತುದಿಯದ್ದು ಪೂರ್ತಿ ಒಳಕ್ಕೆ ಇಳಿದಿದೆ. ಬಾಗಿಲಿನ ಮುಂದಿನ ಅಂಚು ಕೀಲಿನ ಕಡೆ, ಅಲ್ಲಿ ಮಾತ್ರ ಅಂಟು. ಒಣಗುವ ಮೊದಲು ಹಲ್ಲುಕಡ್ಡಿಯಿಂದ ಒಂದೊಂದನ್ನೂ ತಳ್ಳಿ ಕೋನ ಸರಿ ಮಾಡಿದೆ. ಎರಡೂ ಪಕ್ಕ ಮುಗಿದ ಮೇಲೆ ಮುಂದಿನಿಂದ ನೋಡಿದರೆ ಬಾಯಿಯ ಒಳಗೆ ಮೇಲಿನಿಂದ ಬೆಳಕು ಬೀಳುತ್ತದೆ. ನಿಂತ ಹ್ಯಾರಿಯರ್‌ನ ಫೋಟೊಗಳಲ್ಲಿ ಇರುವುದೂ ಅದೇ ಬೆಳಕು.

ಒಳಗೆ ಕಾಣುವ ಫ್ಯಾನ್ ಬಗ್ಗೆ ಒಂದು ಮಾತು. ಪೆಗಾಸಸ್‌ನ ಫ್ಯಾನಿನ ಮುಂದೆ ಬೇರೆ ಎಂಜಿನ್‌ಗಳಲ್ಲಿ ಇರುವ ನಿಂತ ಪಟ್ಟಿಗಳಿಲ್ಲ. ನೇರವಾಗಿ ತಿರುಗುವ ಅಲಗುಗಳೇ ಕಾಣುತ್ತವೆ. ಎಂಜಿನ್ನಿನ ವ್ಯಾಸ ಸುಮಾರು 48 ಇಂಚು. 1:48ರಲ್ಲಿ ಸರಿಯಾಗಿ ಒಂದು ಇಂಚು. ಕಿಟ್‌ನ ಚಪ್ಪಟೆ ಬಿಲ್ಲೆ ತೆಗೆದು, ತೆಳ್ಳನೆ ಅಲ್ಯೂಮಿನಿಯಂ ಬಿಲ್ಲೆಯ ಅಂಚಿನಿಂದ ನಡುವಿನವರೆಗೆ ಸೀಳಿ, ಪ್ರತಿ ಸೀಳನ್ನೂ ಇಕ್ಕಳದಲ್ಲಿ ಸ್ವಲ್ಪ ತಿರುಚಿದೆ. ಕಡು ಬೂದು ಬಣ್ಣ. ಟಾರ್ಚ್ ಹಾಕಿದರೆ ಮಾತ್ರ ಕಾಣುತ್ತದೆ, ಅಷ್ಟು ಸಾಕು.

ನಾಝಲ್‌ಗಳು

ಹ್ಯಾರಿಯರ್ ಅಂದರೆ ಈ ನಾಲ್ಕು ನಾಝಲ್‌ಗಳೇ. ಒಂದೇ ಎಂಜಿನ್, ಅದರ ಗಾಳಿಯನ್ನೇ ತಿರುಗಿಸಿ ಮೇಲೇಳುವುದು ಅನ್ನುವ ಯೋಚನೆಗೆ ದಾರಿ ತೋರಿಸಿದವರು ಫ್ರಾನ್ಸಿನ ಮಿಶೆಲ್ ವಿಬೋ. ಬ್ರಿಸ್ಟಲ್ ಕಂಪನಿಯವರು ಅದನ್ನು ಪೆಗಾಸಸ್ ಎಂಜಿನ್ ಮಾಡಿದರು. ಹಾಕರ್ ಕಂಪನಿಯಲ್ಲಿ ರಾಲ್ಫ್ ಹೂಪರ್ ಅದರ ಸುತ್ತ ವಿಮಾನ ಬರೆದರು. ಪಿ.1127 ಅನ್ನುವ ಆ ಮೊದಲ ವಿಮಾನ 1960ರ ಅಕ್ಟೋಬರ್ 21ರಂದು ಹಗ್ಗ ಕಟ್ಟಿದ ಸ್ಥಿತಿಯಲ್ಲೇ ನೆಲ ಬಿಟ್ಟು ಎದ್ದಿತು. ಓಡಿಸಿದವರು ಬಿಲ್ ಬೆಡ್‌ಫರ್ಡ್. ಹ್ಯಾರಿಯರ್ ಬ್ರಿಟನ್ನಿನ ವಾಯುಪಡೆ ಸೇರಿದ್ದು 1969ರಲ್ಲಿ. ಸೀ ಹ್ಯಾರಿಯರ್ ಮೊದಲು ಹಾರಿದ್ದು 1978ರ ಆಗಸ್ಟ್‌ನಲ್ಲಿ.

ಮುಂದಿನ ಎರಡು ನಾಝಲ್‌ಗಳಿಂದ ಬರುವುದು ಫ್ಯಾನಿನ ಗಾಳಿ. ಇದರಲ್ಲಿ ಬೆಂಕಿ ಇಲ್ಲ. ಹಿಂದಿನ ಎರಡರಿಂದ ಬರುವುದು ಉರಿದ ಅನಿಲ, 600 ಡಿಗ್ರಿಗೂ ಮೇಲೆ. ಬಣ್ಣ ಹಚ್ಚುವಾಗ ಈ ವ್ಯತ್ಯಾಸ ಕಾಣಬೇಕು. ಮುಂದಿನವಕ್ಕೆ ವಿಮಾನದ ಬಣ್ಣವೇ. ಹಿಂದಿನವು ಸುಟ್ಟ ಲೋಹ. ಅವುಗಳ ಹಿಂದೆ ದೇಹದ ಮೇಲೆ ಬಿಸಿ ತಡೆಯುವ ತಗಡು ಇದೆ, ಅದಕ್ಕೂ ಲೋಹದ ಬಣ್ಣವೇ ಬರಬೇಕು.

ಕಿಟ್‌ನ ನಾಝಲ್‌ಗಳ ಹೊರಗಿನ ಆಕಾರ ಸರಿ ಇದೆ. ಒಳಗೆ ಮಾತ್ರ ಎರಡು ಮಿಲಿಮೀಟರ್ ಆಳದ ಗುಂಡಿ. ನನ್ನ ಗೆಳೆಯರೊಬ್ಬರು ಹಲ್ಲಿನ ಲ್ಯಾಬ್ ನಡೆಸುತ್ತಾರೆ. ಬಾಯಿಗೆ ಬಳಸಲು ಬಾರದ ಹಳೇ ಕಾರ್ಬೈಡ್ ಬರ್‌ಗಳನ್ನು ಅವರು ಕೊಟ್ಟರು. ಅವನ್ನು ಸಣ್ಣ ಡ್ರಿಲ್ಲಿಗೆ ಹಾಕಿ ನಾಝಲ್ ಒಳಗನ್ನು ಕೊರೆದೆ. ಡ್ರಿಲ್ ನಿಧಾನವಾಗಿ ಓಡಬೇಕು. ಜೋರಾದರೆ ಪಾಲಿಸ್ಟೈರೀನ್ ಕರಗಿ ಬರ್‌ಗೆ ಸುತ್ತಿಕೊಳ್ಳುತ್ತದೆ. ಸ್ವಲ್ಪ ಕೊರೆದು, ನೀರಲ್ಲಿ ಅದ್ದಿ, ಮತ್ತೆ ಕೊರೆಯಬೇಕು. ಗೋಡೆ ಕಾಗದದಷ್ಟು ತೆಳ್ಳಗಾಗುವವರೆಗೆ ಹೋದೆ.

ನಿಜವಾದ ನಾಝಲ್ ಒಳಗೆ ಗಾಳಿಯನ್ನು ತಿರುವಿನಲ್ಲಿ ಸರಿಯಾಗಿ ಹೊರಳಿಸಲು ಬಾಗಿದ ತಗಡಿನ ಪಟ್ಟಿಗಳಿವೆ. ಸೋಡಾ ಡಬ್ಬಿಯ ಅಲ್ಯೂಮಿನಿಯಂ ಸುಮಾರು 0.1 ಮಿಲಿಮೀಟರ್ ದಪ್ಪ. 48 ಪಟ್ಟು ಮಾಡಿದರೆ ಐದು ಮಿಲಿಮೀಟರ್ ಹತ್ತಿರ. ಸಾಕಷ್ಟು ಸರಿ. ಅದರಿಂದ ಪಟ್ಟಿ ಕತ್ತರಿಸಿ, ರೀಫಿಲ್ ಮೇಲೆ ಉರುಳಿಸಿ ಬಾಗಿಸಿ, ಒಳಗೆ ಕೂರಿಸಿ ಫೆವಿಕ್ವಿಕ್ ಮುಟ್ಟಿಸಿದೆ. ಹಿಂದಿನ ಎರಡಕ್ಕೆ ಗನ್ ಮೆಟಲ್ ಎನಾಮಲ್. ಒಣಗಿದ ಮೇಲೆ 6ಬಿ ಪೆನ್ಸಿಲಿನ ಸೀಸದ ಪುಡಿಯನ್ನು ಬೆರಳಲ್ಲಿ ಉಜ್ಜಿದೆ. ಅಂಚುಗಳಲ್ಲಿ ಪುಡಿ ಜಾಸ್ತಿ ಹಿಡಿದು ಹೊಳೆಯುತ್ತದೆ, ಕುಳಿಗಳಲ್ಲಿ ಕಪ್ಪಾಗಿಯೇ ಉಳಿಯುತ್ತದೆ.

ಇನ್ನೊಂದು ಗಮನಿಸಬೇಕು. ನಾಲ್ಕೂ ನಾಝಲ್‌ಗಳು ಒಟ್ಟಿಗೇ ತಿರುಗುತ್ತವೆ. ಗಾಳಿಯಿಂದ ಓಡುವ ಒಂದು ಮೋಟಾರ್, ಅಲ್ಲಿಂದ ದಂಡ ಮತ್ತು ಚೈನ್. ಪೈಲಟ್ ಕೈಯಲ್ಲಿ ಥ್ರಾಟಲ್ ಪಕ್ಕದಲ್ಲೇ ಇನ್ನೊಂದು ಹಿಡಿ. ನೇರ ಹಿಂದಕ್ಕಿಂದ ನೇರ ಕೆಳಕ್ಕೆ, ಅದಕ್ಕೂ ಸ್ವಲ್ಪ ಮುಂದಕ್ಕೆ ಸುಮಾರು 98 ಡಿಗ್ರಿವರೆಗೆ ತಿರುಗುತ್ತವೆ. ಕಿಟ್‌ನಲ್ಲಿ ನಾಲ್ಕೂ ಬಿಡಿಬಿಡಿ. ಒಂದು ಕೆಳಗೆ, ಒಂದು ಹಿಂದೆ ಮಾಡಿ ಅಂಟಿಸಿದ ಮಾದರಿಗಳನ್ನು ನಾನು ನೋಡಿದ್ದೇನೆ. ಅಂತಹ ಹ್ಯಾರಿಯರ್ ಎಲ್ಲೂ ಇಲ್ಲ. ನಾನು ಅಡ್ಡಲಾಗಿ ಎರಡು ಹಿತ್ತಾಳೆ ಕಡ್ಡಿ ಹಾಕಿ ಎಡಬಲ ನಾಝಲ್‌ಗಳನ್ನು ಜೋಡಿಸಿದೆ. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಕೋನ ಒಂದೇ ಇಟ್ಟೆ.

ನಿಂತಲ್ಲೇ ತೇಲುವಾಗ ವಿಮಾನವನ್ನು ಸಮವಾಗಿ ಹಿಡಿಯುವುದು ಮೂಗು, ಬಾಲ, ರೆಕ್ಕೆ ತುದಿಗಳಲ್ಲಿರುವ ಸಣ್ಣ ಗಾಳಿ ತೂತುಗಳು. ಎಂಜಿನ್ನಿನಿಂದಲೇ ಒತ್ತಡದ ಗಾಳಿ ಅಲ್ಲಿಗೆ ಹೋಗುತ್ತದೆ. ವೇಗವಿಲ್ಲದಾಗ ರೆಕ್ಕೆ ಬಾಲದ ಪಟ್ಟಿಗಳಿಂದ ಏನೂ ಉಪಯೋಗವಿಲ್ಲ ಅಲ್ವಾ? ಕಿಟ್‌ನಲ್ಲಿ ಇವು ಬರೀ ಗುರುತು. ಸೂಜಿಯಲ್ಲಿ ಚುಚ್ಚಿ ಆಳ ಮಾಡಿದೆ.

ಸೀಟು, ಹಲ್ಲಿನ ಲ್ಯಾಬಿನಲ್ಲಿ

ಸೀ ಹ್ಯಾರಿಯರ್ ಸೀಟು ಮಾರ್ಟಿನ್-ಬೇಕರ್ ಮಾರ್ಕ್ 10. ಅಪಾಯದಲ್ಲಿ ಪೈಲಟ್ ಸಮೇತ ವಿಮಾನದಿಂದ ಹೊರಗೆ ಹಾರುವ ಸೀಟು ಇದು. ನೆಲದ ಮೇಲೆ ನಿಂತಾಗಲೂ ಹಾರಿಸಿ ಪೈಲಟ್ಟನ್ನು ಉಳಿಸಬಲ್ಲದು. ತೇಲುವ ವಿಮಾನಕ್ಕೆ ಇದು ಎಷ್ಟು ಬೇಕು ಅಂತ ಬೇರೆ ಹೇಳಬೇಕಿಲ್ಲ. ಪ್ಲಾಸ್ಟಿಕ್ ಹಾಳೆ, ತಾಮ್ರದ ತಂತಿ, ಎಪಾಕ್ಸಿ ಪುಟ್ಟಿ ಸೇರಿಸಿ ಮೂಲ ಮಾದರಿಯೊಂದನ್ನು ಮಾಡಿದೆ. ತಲೆ ಮೇಲಿನ ಪೆಟ್ಟಿಗೆ, ಪಕ್ಕದ ಕೊಳವೆಗಳು, ಕಾಲ ನಡುವಿನ ಹಳದಿ ಕಪ್ಪು ಹಿಡಿ, ಅಷ್ಟು ಬಂದರೆ ಕಣ್ಣು ನಂಬುತ್ತದೆ. ಬೆಲ್ಟ್‌ಗಳನ್ನು ಅಚ್ಚಿನಲ್ಲಿ ತರಬಾರದು. ಆಮೇಲೆ ಬೇರೆಯಾಗಿ ತೆಳ್ಳನೆ ಸೀಸದ ಹಾಳೆಯಿಂದ ಹಾಕಿದರೆ ಬಟ್ಟೆ ಬಿದ್ದ ಹಾಗೆ ಬೀಳುತ್ತವೆ.

ಅಚ್ಚಿಗೆ ಲ್ಯಾಬಿನ ಸಿಲಿಕೋನ್ ಬಳಸಿದೆವು. ಅವರಲ್ಲಿ ಎರಡು ಬಗೆ ಇದೆ. ತೆಳುವಾಗಿ ಹರಿಯುವುದು ಒಂದು, ಕಣಕದಷ್ಟು ಗಟ್ಟಿ ಇನ್ನೊಂದು. ಮೊದಲು ತೆಳುವನ್ನು ಮಾದರಿ ಮೇಲೆ ಎಲ್ಲ ಸಂದಿಗೂ ಹೋಗುವಂತೆ ಹಚ್ಚಿ, ತಕ್ಷಣ ಗಟ್ಟಿಯದನ್ನು ಸುತ್ತ ಒತ್ತಬೇಕು. ಅದನ್ನು ಕಲಸುವಾಗ ಲೇಟೆಕ್ಸ್ ಕೈಗವಸು ಹಾಕಬಾರದು. ಅದರಲ್ಲಿರುವ ಗಂಧಕ ಸಿಲಿಕೋನನ್ನು ಗಟ್ಟಿಯಾಗಲು ಬಿಡುವುದಿಲ್ಲ. ಬರಿಗೈ ತೊಳೆದು ಕಲಸಿ, ಇಲ್ಲವೆ ವಿನೈಲ್ ಕೈಗವಸು ಹಾಕಿ. ಅಚ್ಚಿನ ಮೊದಲ ಅರ್ಧ ಗಟ್ಟಿಯಾದ ಮೇಲೆ ಅಂಚಿಗೆ ವ್ಯಾಸಲೀನ್ ಸವರಿ ಎರಡನೇ ಅರ್ಧ ಹಾಕಬೇಕು. ಸವರದಿದ್ದರೆ ಸಿಲಿಕೋನ್ ಸಿಲಿಕೋನನ್ನು ಬಿಡುವುದೇ ಇಲ್ಲ.

ಎರಕ ಹೊಯ್ದದ್ದು ಹಲ್ಲಿನ ಸೆಟ್ ರಿಪೇರಿ ಮಾಡುವ ಅಕ್ರಿಲಿಕ್ಕಿನಲ್ಲಿ. ಪುಡಿ ಒಂದು, ದ್ರವ ಒಂದು. ಸ್ವಲ್ಪ ನೀರಾಗಿ ಕಲಸಿ, ಅಚ್ಚಿಗೆ ಸುರಿದು, ಬೆಚ್ಚನೆ ನೀರಿರುವ ಒತ್ತಡದ ಪಾತ್ರೆಗೆ ಇಡುತ್ತಾರೆ. ಒತ್ತಡದಲ್ಲಿ ಗುಳ್ಳೆಗಳು ಕಾಣದಷ್ಟು ಕುಗ್ಗುತ್ತವೆ. ಹೊರಗೆ ತೆಗೆದಾಗ ಸೀಟಿನ ತಲೆ ಮೇಲಿನ ಸಣ್ಣ ಕೊಂಡಿಯೂ ಬಂದಿತ್ತು. ಗೆಳೆಯರು ಭೂತಗನ್ನಡಿ ಹಿಡಿದು ತಿರುಗಿಸಿ ನೋಡಿದರು. "ಹಲ್ಲ ಮಾಡೂದಕ್ಕಿಂತ ಇದು ಸಸಾರ ಐತ್ರಿ. ಇದಕ್ಕ ಯಾರೂ ಚುಚ್ಚತೈತಿ ಅಂತ ವಾಪಸ್ ಬರೂದಿಲ್ಲ" ಅಂದರು.

ಎಚ್ಚರಿಕೆ ಒಂದೇ. ಆ ದ್ರವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಕಿಟ್ ಹತ್ತಿರ ತರಬೇಡಿ. ವಾಸನೆಯೂ ಒಳ್ಳೆಯದಲ್ಲ, ಕಿಟಕಿ ತೆಗೆದಿಡಿ. ಪೂರ್ತಿ ಗಟ್ಟಿಯಾದ ಮೇಲೆ ತೊಂದರೆ ಇಲ್ಲ. ಸೀಟನ್ನು ಕಾಕ್‌ಪಿಟ್‌ಗೆ ಫೆವಿಕ್ವಿಕ್‌ನಲ್ಲಿ ಕೂರಿಸಿದೆ.

ಸೀಟಿನ ಮೇಲಿನ ಗಾಜಿನಲ್ಲಿ ಅಂಕುಡೊಂಕಾದ ಒಂದು ಗೆರೆ ಓಡುತ್ತದೆ. ಅದು ಸಿಡಿಮದ್ದಿನ ಹುರಿ. ಸೀಟು ಹಾರುವ ಮೊದಲು ಅದು ಸಿಡಿದು ಗಾಜನ್ನು ಒಡೆಯುತ್ತದೆ. ಕಿಟ್‌ನಲ್ಲಿ ಇಲ್ಲ. ಪಾರದರ್ಶಕ ಡೆಕಾಲ್ ಹಾಳೆಗೆ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರದ ಹಾಳೆ) ತಿಳಿ ಬೂದು ಬಣ್ಣ ಸಿಂಪಡಿಸಿ, ಉಕ್ಕಿನ ಸ್ಕೇಲ್ ಇಟ್ಟು ಎಳೆಯಷ್ಟು ಸಣ್ಣಗೆ ಕತ್ತರಿಸಿ, ಗಾಜಿನ ಒಳಬದಿಗೆ ಅಂಟಿಸಿದೆ.

ನಿಜವಾದ ವಿಮಾನಕ್ಕೂ ಬಿಡಿಭಾಗ ಬೇಕಿತ್ತು

ಸೀಟು ಒಣಗುತ್ತಿದ್ದಾಗ ಕಾಕಾ ಹತ್ತಿರ ಮಾತಿಗೆ ಕೂತೆ. ನಮ್ಮ ಮೊದಲ ಮೂರು ಸೀ ಹ್ಯಾರಿಯರ್‌ಗಳು ಗೋವಾಕ್ಕೆ ಇಳಿದದ್ದು 1983ರ ಡಿಸೆಂಬರ್ 16ರಂದು. ಹಳೇ ಸೀ ಹಾಕ್‌ಗಳ ಜಾಗಕ್ಕೆ ಬಂದವು. ಸ್ಕ್ವಾಡ್ರನ್ ಮುನ್ನಡೆಸಿದವರು ಅರುಣ್ ಪ್ರಕಾಶ್, ಮುಂದೆ ನೌಕಾಪಡೆಯ ಮುಖ್ಯಸ್ಥರೇ ಆದರು. ಮೊದಲು ವಿಕ್ರಾಂತ್ ಮೇಲೆ, 1987ರಿಂದ ವಿರಾಟ್ ಮೇಲೂ ಹಾರಿದವು. ವಿರಾಟ್ ಅಂದರೆ ಬ್ರಿಟಿಷರ ಹರ್ಮಿಸ್. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಸೀ ಹ್ಯಾರಿಯರ್‌ಗಳನ್ನು ಹೊತ್ತು ಹೋದ ಹಡಗು ಅದೇ. ಅದರ ಮುಂದಿನ ಡೆಕ್ 12 ಡಿಗ್ರಿ ಮೇಲಕ್ಕೆ ಬಾಗಿತ್ತು. ಪೂರ್ತಿ ಇಂಧನ, ಆಯುಧ ತುಂಬಿದರೆ ವಿಮಾನದ ತೂಕ ಎಂಜಿನ್ನಿನ ನೂಕುಬಲಕ್ಕಿಂತ ಜಾಸ್ತಿ. ನೇರ ಮೇಲೇಳಲು ಆಗುವುದಿಲ್ಲ. ಸ್ವಲ್ಪ ಓಡಿ ಆ ಏರಿನಿಂದ ಚಿಮ್ಮುತ್ತಿತ್ತು. ಇಳಿಯುವಾಗ ಇಂಧನ ಖಾಲಿಯಾಗಿ ಹಗುರಾಗಿರುತ್ತದೆ, ಆಗ ನೇರ ಕೆಳಗೆ.

ಬ್ರಿಟನ್ 2006ರ ಮಾರ್ಚ್‌ನಲ್ಲಿ ತನ್ನ ಸೀ ಹ್ಯಾರಿಯರ್‌ಗಳನ್ನು ನಿಲ್ಲಿಸಿತು. ಅವರ ಹಳೇ ಎಫ್ಎ.2 ವಿಮಾನಗಳಲ್ಲಿ ಎಂಟನ್ನು ಕೊಳ್ಳುವ ಮಾತು ನಮ್ಮ ಕಡೆಯಿಂದ ನಡೆದು, ಅದೇ ವರ್ಷ ಬಿದ್ದು ಹೋಯಿತು. ಅಮೆರಿಕದವರು 2011ರಲ್ಲಿ ಬ್ರಿಟನ್ನಿನ 72 ಹ್ಯಾರಿಯರ್‌ಗಳನ್ನು ಬಿಡಿಭಾಗಕ್ಕೇ ಅಂತ ಕೊಂಡರು. ಅವು ಎರಡನೇ ಪೀಳಿಗೆಯವು, ನಮ್ಮ ವಿಮಾನಕ್ಕೆ ಹೊಂದುವುದಲ್ಲ. ನಮ್ಮ ಸೀ ಹ್ಯಾರಿಯರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಪಘಾತಗಳಲ್ಲಿ ಹೋದವು, ಪೈಲಟ್‌ಗಳೂ ಹೋದರು. ಉಳಿದವಕ್ಕೆ ಇಸ್ರೇಲಿನ ರಾಡಾರ್, ಡರ್ಬಿ ಕ್ಷಿಪಣಿ ಹಾಕಿ ಮುಂದುವರಿಸಿದರು. ಕಡೆಗೆ 2016ರ ಮೇ 11ರಂದು ಹಂಸದಲ್ಲಿ ವಿದಾಯ ಆಯಿತು. ಜಗತ್ತಿನಲ್ಲಿ ಸೀ ಹ್ಯಾರಿಯರ್ ಹಾರಿಸಿದ ಕಡೆಯ ನೌಕಾಪಡೆ ನಮ್ಮದು. "ಬೋಲ್ಟ್ ಒಂದ ಬೇಕಂದ್ರೂ ಕಾಯಬೇಕಾಗತಿತ್ತು. ಆದ್ರ ವಿಮಾನ ಹೊರಗ ಹೊಂಟಾಗ ಅದರಾಗ ಒಂದ ಬೋಲ್ಟ್ ಕಮ್ಮಿ ಇರತಿದ್ದಿಲ್ಲ" ಅಂದರು ಕಾಕಾ.

ಮ್ಯಾಜಿಕ್ ಕ್ಷಿಪಣಿ

ಇದಿಲ್ಲದೆ ವಿಮಾನ ನಮ್ಮದಾಗುವುದಿಲ್ಲ. ಮಾತ್ರಾ ಆರ್.550 ಮ್ಯಾಜಿಕ್ 2.72 ಮೀಟರ್ ಉದ್ದ, 157 ಮಿಲಿಮೀಟರ್ ದಪ್ಪ. ನಮ್ಮ ಅಳತೆಗೆ ಉದ್ದ 56.7 ಮಿಲಿಮೀಟರ್, ದಪ್ಪ 3.27. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಹತ್ತು ಗೇಜಿನ ಹಿತ್ತಾಳೆ ರಾಡ್ ಕೇಳಿ. ಹತ್ತು ಗೇಜ್ ಅಂದರೆ 3.25 ಮಿಲಿಮೀಟರ್. ಇದಕ್ಕಿಂತ ಹತ್ತಿರ ಇನ್ನೇನು ಬೇಕು? ಗೋಕುಲ ರಸ್ತೆಯ ಅಂಗಡಿಯವರು "ಎಷ್ಟ ಕಿಲೋರಿ?" ಅಂತ ಕೇಳಿದರು. ಒಂದೇ ಕಡ್ಡಿ ಸಾಕು ಅಂದಾಗ ದುಡ್ಡೂ ತೆಗೆದುಕೊಳ್ಳದೆ ಕೊಟ್ಟರು.

ರಾಡನ್ನು ಡ್ರಿಲ್ಲಿಗೆ ಕಚ್ಚಿಸಿ ತಿರುಗಿಸುತ್ತಾ ಅರದಿಂದ ಮೂಗು ಗುಂಡಗೆ ಮಾಡಿದೆ. ಮ್ಯಾಜಿಕ್ಕಿನ ಗುರುತು ಅದರ ಮುಂದಿನ ರೆಕ್ಕೆಗಳಲ್ಲಿ. ಎರಡು ಸಾಲು ಇವೆ. ಮೊದಲ ಸಾಲು ಕದಲುವುದಿಲ್ಲ, ಅದರ ಹಿಂದಿನದು ತಿರುಗಿ ದಾರಿ ತೋರಿಸುತ್ತದೆ. ಹಿಂದಿನ ನಾಲ್ಕು ರೆಕ್ಕೆಗಳು ಒಂದು ಬಳೆಯ ಮೇಲೆ ಸುಮ್ನೆ ತಾವಾಗಿ ತಿರುಗುತ್ತಿರುತ್ತವೆ. ಸೈಡ್‌ವೈಂಡರ್‌ಗೆ ಮುಂದೆ ಒಂದೇ ಸಾಲು. ಗೊತ್ತಿರುವವರು ಇದನ್ನೇ ಮೊದಲು ನೋಡುತ್ತಾರೆ. ಹಿತ್ತಾಳೆ ಮೇಲೆ ಉದ್ದಕ್ಕೆ ನಾಲ್ಕು ಗೆರೆ ಗುರುತು ಮಾಡಬೇಕು. ಅದಕ್ಕೆ ದಾರ ಸುತ್ತಿ ಸುತ್ತಳತೆ ತೆಗೆದು, ಕಾಗದದಲ್ಲಿ ನಾಲ್ಕು ಭಾಗ ಮಾಡಿ, ಆ ಕಾಗದವನ್ನೇ ರಾಡಿಗೆ ಸುತ್ತಿದೆ. ರೆಕ್ಕೆಗಳು ಸೋಡಾ ಡಬ್ಬಿಯವು. ಅಂಟಿಸುವ ಮೊದಲು ಹಿತ್ತಾಳೆಯನ್ನು ಎಮರಿ ಪೇಪರ್‌ನಲ್ಲಿ ಒರಟು ಮಾಡಿ, ಮೇಲೆ ಮೆಟಲ್ ಪ್ರೈಮರ್ ಹೊಡೆಯಿರಿ. ಇಲ್ಲದಿದ್ದರೆ ಬಿಳಿ ಬಣ್ಣ ಉಗುರಿಗೇ ಏಳುತ್ತದೆ.

ಹೊಟ್ಟೆ ಕೆಳಗಿನ ಎರಡು 30 ಮಿಲಿಮೀಟರ್ ಆಡೆನ್ ಗನ್ನಿನ ಪೆಟ್ಟಿಗೆಗಳನ್ನು, ಅಂದರೆ ಪಾಡ್‌ಗಳನ್ನು ಕಿಟ್ ಕೊಟ್ಟಿದೆ, ಹಾಗೇ ಹಾಕಿದೆ. ಇವು ಗುಂಡಿಗೆ ಮಾತ್ರ ಅಲ್ಲ. ನೆಲಕ್ಕೆ ಬಡಿದು ಮೇಲೆ ಬರುವ ಗಾಳಿಯನ್ನು ಹೊಟ್ಟೆ ಕೆಳಗೆ ಹಿಡಿದಿಟ್ಟು ತೇಲಲು ಸಹಾಯ ಮಾಡುತ್ತವೆ. ಪಾಡ್ ಬೇಡ ಅನ್ನುವವರು ಅದೇ ಜಾಗಕ್ಕೆ ಉದ್ದನೆ ಪಟ್ಟಿಗಳನ್ನು ಹಾಕಬೇಕು. ಬರಿ ಹೊಟ್ಟೆ ಬಿಡಬಾರದು.

ಕಾಲುಗಳು

ಗೋವಾದ ಬೋಗ್ಮಾಳೋದ ನೌಕಾ ವಿಮಾನ ಮ್ಯೂಸಿಯಂನಲ್ಲಿ ಸೀ ಹ್ಯಾರಿಯರ್ ನಿಂತಿದೆ. ಹುಬ್ಬಳ್ಳಿಯಿಂದ ವಾಸ್ಕೋಕ್ಕೆ ರೈಲಿದೆ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುತ್ತದೆ. ಈ ಕಿಟ್ ಮಾಡುವವರು ಒಮ್ಮೆ ಹೋಗಿ ಕೆಳಗಿನಿಂದ ಫೋಟೊ ತೆಗೆದುಕೊಳ್ಳಿ. ಮೂಗಿಗೆ ಒಂದು ಚಕ್ರ, ನಡುವೆ ಜೋಡಿ ಚಕ್ರ, ಎಲ್ಲ ಒಂದೇ ಸಾಲಿನಲ್ಲಿ. ರೆಕ್ಕೆ ತುದಿಗಳಲ್ಲಿ ಸಣ್ಣ ಊರುಗಾಲು. ನಾಝಲ್‌ಗಳ ಗಾಳಿಗೆ ದಾರಿ ಬಿಡಬೇಕಾದ್ದರಿಂದ ಈ ಏರ್ಪಾಡು.

ಮಾದರಿಯಲ್ಲಿ ಎಲ್ಲ ಚಕ್ರವೂ ಒಟ್ಟಿಗೆ ನೆಲ ಮುಟ್ಟುವುದು ಕಷ್ಟ. ಫೋಟೊ ಫ್ರೇಮ್ ಅಂಗಡಿಯಿಂದ ತಂದ ಗಾಜಿನ ತುಂಡಿನ ಮೇಲೆ ಇಟ್ಟು ಜೋಡಿಸಿದೆ. ಮೊದಲು ಮೂಗು ಮತ್ತು ನಡುವಿನವು. ಅವು ಪೂರ್ತಿ ಗಟ್ಟಿಯಾದ ಮೇಲೆ, ಎರಡೂ ರೆಕ್ಕೆ ತುದಿ ಗಾಜಿನಿಂದ ಒಂದೇ ಎತ್ತರ ಇದೆಯೇ ನೋಡಿ, ಊರುಗಾಲು ಕೂರಿಸಿ ಉದ್ದ ಸರಿ ಮಾಡಿದೆ.

ಬಣ್ಣ ಮತ್ತು ಹುಲಿ

ಶುರುವಿನ ದಿನಗಳ ಬಣ್ಣ ಆರಿಸಿಕೊಂಡೆ. ಮೇಲೆ ಎಕ್ಸ್‌ಟ್ರಾ ಡಾರ್ಕ್ ಸೀ ಗ್ರೇ, ಕೆಳಗೆ ಬಿಳಿ. ಬ್ರಿಟಿಷ್ ಪಟ್ಟಿಯಲ್ಲಿ ಅದರ ನಂಬರ್ 640. ನಮ್ಮ ಬಣ್ಣದಂಗಡಿಗಳಲ್ಲಿ ಸುಲಭವಾಗಿ ಸಿಗುವುದು 632, ಡಾರ್ಕ್ ಅಡ್ಮಿರಾಲ್ಟಿ ಗ್ರೇ. ಫ್ಯಾಕ್ಟರಿ ಮೆಷಿನ್‌ಗಳಿಗೆ ಹೊಡೆಯುವ ಬಣ್ಣ. ಅದಕ್ಕೆ ಕಪ್ಪು, ಒಂದು ಹನಿ ನೀಲಿ ಸೇರಿಸುತ್ತಾ, ಫೋಟೊ ಪಕ್ಕ ಬಿಸಿಲಲ್ಲಿ ಇಟ್ಟು ಹೊಂದಿಸಿದೆ. ಟ್ಯೂಬ್‌ಲೈಟ್ ಕೆಳಗೆ ಈ ಬಣ್ಣ ನೋಡಲೇಬೇಡಿ, ನೀಲಿ ಜಾಸ್ತಿ ಅನಿಸುತ್ತದೆ.

ಬಾಲದ ಬಿಳಿ ಹುಲಿ ಮನೆ ಪ್ರಿಂಟರಿನಲ್ಲಿ ಬರುವುದಿಲ್ಲ, ಪ್ರಿಂಟರಿಗೆ ಬಿಳಿ ಶಾಯಿ ಇಲ್ಲ. ಬೈಕಿನ ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಚಿತ್ರ ನೋಡಿ "ಇಷ್ಟ ಸಣ್ಣ ಹುಲಿನಾ ಸರ್? ಮೀಸಿ ಕಟ್ ಆಗಂಗಿಲ್ಲ ನೋಡ್ರಿ" ಅಂದ. ಮೀಸೆ ಬೇಡ, ಹೊರಗೆರೆ ಸಾಕು ಅಂದೆ. ಮೆಷಿನ್ನಿನ ವೇಗ ಕಡಿಮೆ ಮಾಡಿ, ಹೊಸ ಬ್ಲೇಡ್ ಹಾಕಿ, ತೆಳ್ಳನೆ ವಿನೈಲ್‌ನಲ್ಲಿ ಕತ್ತರಿಸಿಕೊಟ್ಟ. ಅದನ್ನು ಬಾಲಕ್ಕೆ ಅಂಟಿಸಿ ನಡುವಿನ ಹುಲಿ ತೆಗೆದು ಬಿಳಿ ಹೊಡೆದೆ. ಕಪ್ಪು ಪಟ್ಟೆಗಳನ್ನು ಒಂದೇ ಕೂದಲಿನ ಬ್ರಷ್‌ನಲ್ಲಿ ಬರೆದೆ. ವಿಮಾನದ ಗುರುತಾದ ಕೇಸರಿ ಬಿಳಿ ಹಸಿರು ವೃತ್ತಗಳಿಗೂ ಅದೇ ಅಂಗಡಿಯಲ್ಲಿ ಕತ್ತರಿಸಿದ ವಿನೈಲ್. ಕೇಸರಿ ಹೊರಗೆ, ಹಸಿರು ನಡುವೆ.

ಡೆಕ್‌ಗೆ ವಿಮಾನ ಕಟ್ಟುವ ಸರಪಳಿ ಮಾತ್ರ ಅಕ್ಕಸಾಲಿಗರ ಕೊಡುಗೆ. ಕಾಲ್ಗೆಜ್ಜೆ ರಿಪೇರಿಯಲ್ಲಿ ಉಳಿದ ಬೆಳ್ಳಿ ಎಳೆ. ಸ್ವಲ್ಪ ಕಪ್ಪು ಮಾಡಿ ಹಾಕಿದೆ.

ಸೀಟಿನ ಅಚ್ಚು ಇನ್ನೂ ಹರಿದಿಲ್ಲ, ಲ್ಯಾಬಿನಲ್ಲೇ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇದೇ ಅಳತೆಯ ಸೀ ಹ್ಯಾರಿಯರ್ ಮಾಡುತ್ತಿರುವವರಿಗೆ ಎರಕ ಹೊಯ್ದು ಕೊಡುತ್ತೇನೆ. ಬ್ರಿಟನ್ನಿನ ವಾಯುಪಡೆಯ ಹ್ಯಾರಿಯರ್ ಜಿಆರ್.3 ಮಾಡುವವರು ಈ ಸೀಟು ಹಾಕಬೇಡಿ, ಅದರದ್ದು ಮಾರ್ಕ್ 9, ಕಾಕ್‌ಪಿಟ್ಟೂ ತಗ್ಗು. ಆದರೆ ಗಾಳಿಯ ಬಾಗಿಲು ಮತ್ತು ನಾಝಲ್ ಕೊರೆಯುವ ಕ್ರಮ ಅದಕ್ಕೂ ಹೊಂದುತ್ತದೆ.